ಹಿತ್ತಲ ಆಲೂಗಡ್ಡೆ: ಬುಡಕ್ಕೆ ಮಣ್ಣು ಏರಿಸದಿದ್ದರೆ ಗೋಲಿ ಗಾತ್ರವೇ ಗತಿ

ಮಲೆನಾಡಿನ ಹಿತ್ತಲಲ್ಲಿ ಆಲೂಗಡ್ಡೆ ಆಗುವುದೇ ಇಲ್ಲ ಎನ್ನುವವರಲ್ಲಿ ಹೆಚ್ಚಿನವರು ಜೂನ್‌ನಲ್ಲಿ ನೆಟ್ಟವರು. ಹಾಸನದಲ್ಲಿ ಮುಂಗಾರಿಗೇ ಹಾಕುತ್ತಾರೆ, ನಿಜ. ಆದರೆ ಅಲ್ಲಿಯ ಮಳೆ ಬೇರೆ, ತೀರ್ಥಹಳ್ಳಿ, ಹೊಸನಗರದ ಮಳೆ ಬೇರೆ. ಇಲ್ಲಿ ಬೀಜದ ಗೆಡ್ಡೆ ಮಣ್ಣಲ್ಲೇ ಕೊಳೆಯುತ್ತದೆ, ಉಳಿದದ್ದನ್ನು ಅಂಗಮಾರಿ ರೋಗ ಮುಗಿಸುತ್ತದೆ. ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರ್‌ನಲ್ಲಿ ನೆಡಿ. ಗೆಡ್ಡೆ ಚೆನ್ನಾಗಿ ಕಟ್ಟಲು ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿರಬೇಕು.

ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತದ್ದು ಬೇಡ. ಅದರಲ್ಲಿ ನಂಜುರೋಗ ಇದ್ದರೂ ಕಣ್ಣಿಗೆ ಕಾಣದು. ಹಾಸನ, ಚಿಕ್ಕಬಳ್ಳಾಪುರದ ಕಡೆ ಪರಿಚಯದವರಿದ್ದರೆ ಬಿತ್ತನೆ ಗೆಡ್ಡೆಯನ್ನೇ ತರಿಸಿ. ಕುಫ್ರಿ ಜ್ಯೋತಿ ಸಿಕ್ಕರೆ ಸಾಕು. 1968ರಲ್ಲಿ ಬಿಡುಗಡೆಯಾದ ಈ ತಳಿಯನ್ನು ಹಾಸನದ ರೈತರು ಇಂದಿಗೂ ಬೆಳೆಯುತ್ತಾರೆ. ಕೋಳಿಮೊಟ್ಟೆ ಗಾತ್ರದವನ್ನು ಆರಿಸಿ ಇಡಿಯಾಗಿಯೇ ನೆಡುವುದು ನಮ್ಮ ತೇವಕ್ಕೆ ಒಳ್ಳೆಯದು. ಕತ್ತರಿಸಲೇಬೇಕಾದರೆ ಹೋಳು 30ರಿಂದ 40 ಗ್ರಾಂ ಇರಲಿ, ಎರಡು ಕಣ್ಣಾದರೂ ಇರಲಿ, ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಹರಡಿ ಗಾಯ ಒಣಗಲಿ. ಕತ್ತರಿಸಿದ ದಿನವೇ ಹೂತರೆ ಕೊಳೆಯುತ್ತದೆ.

ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಎಂಟು ಇಂಚು, ಆಳ ಮೂರು ಇಂಚು. ಕಳಿತ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ. ಬಚ್ಚಲೊಲೆಯ ಬೂದಿಯನ್ನು ಬುಟ್ಟಿಗಟ್ಟಲೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಆಲೂಗಡ್ಡೆಗೆ ಅದು ಬೇಡ, ಸುಣ್ಣವೂ ಬೇಡ. ನಮ್ಮ ಹುಳಿಮಣ್ಣು ಅದಕ್ಕೆ ಒಗ್ಗುತ್ತದೆ; ಹುಳಿ ಕಳೆದರೆ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ.

ಇನ್ನು ಎಲ್ಲರೂ ಎಡವುವ ಹಂತ, ಮಣ್ಣು ಏರಿಸುವುದು. ಗೆಡ್ಡೆ ಬೇರಿನಲ್ಲಿ ಬಿಡುವುದಲ್ಲ. ಮಣ್ಣೊಳಗಿನ ಕಾಂಡದಿಂದ ಅಡ್ಡಕ್ಕೆ ಹೊರಡುವ ಎಳೆಗಳ ತುದಿ ಊದಿ ಗೆಡ್ಡೆಯಾಗುತ್ತದೆ, ಅದೂ ನೆಟ್ಟ ಬೀಜಕ್ಕಿಂತ ಮೇಲೆ. ಹಾಗಾಗಿ ಆಳದ ಗುಂಡಿ ತೋಡಿ ಫಲವಿಲ್ಲ. ಮಣ್ಣು ಬೇಕಿರುವುದು ಮೇಲೆ. ಗಿಡ ಗೇಣುದ್ದಕ್ಕೆ ಬಂದಾಗ, ಅಂದರೆ ನೆಟ್ಟ ತಿಂಗಳ ಹೊತ್ತಿಗೆ, ಕಳೆ ಕಿತ್ತು, ಬುಡಕ್ಕೊಂದು ಬೊಗಸೆ ಗೊಬ್ಬರ ಹಾಕಿ, ಎರಡೂ ಕಡೆಯಿಂದ ಮಣ್ಣೆಳೆದು ಕಾಂಡ ಮುಚ್ಚಿ. ತುದಿಯ ಎಲೆಗಳಷ್ಟೇ ಹೊರಗಿರಲಿ. ಗಿಡ ಸಾಯುತ್ತದೆಂದು ಹೆದರಿ ಎರಡು ಹಿಡಿ ಮಣ್ಣು ಉದುರಿಸಿ ನಿಲ್ಲಿಸುತ್ತಾರಲ್ಲ, ಅಲ್ಲೇ ಬೆಳೆ ಹೋಗುವುದು. ಗುದ್ದಲಿ ಬುಡಕ್ಕೆ ತಾಗಿದರೆ ಎಳೆಗಳು ತುಂಡಾಗುತ್ತವೆ, ಸಾಲಿನ ನಡುವಿನಿಂದಲೇ ಎಳೆಯಿರಿ. ಮಣ್ಣು ಹಿಡಿದರೆ ಉದುರುವಷ್ಟು ಹದವಿರಲಿ. ಹಸಿಯಿದ್ದಾಗ ಏರಿಸಿದ ಜೇಡಿ ಒಣಗಿ ಇಟ್ಟಿಗೆಯಾಗುತ್ತದೆ.

ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಏರಿಯ ನೆತ್ತಿ ಚೂಪಾಗದೆ ಅಗಲವಾಗಿರಲಿ, ಚೂಪಾದರೆ ನೀರಿಗೆ ಕರಗುತ್ತದೆ. ಮೇಲೆ ದರಗು, ಅಂದರೆ ಉದುರಿದ ಒಣ ಎಲೆ, ಹೊದಿಸಿ. ಮಣ್ಣಿನ ಕೆಲಸ ತಪ್ಪಿಸಲು ಬರೀ ದರಗು ಹೊದಿಸುವವರಿದ್ದಾರೆ. ಬೆಳಕೂ ಇಲಿಯೂ ಒಳಗೆ ಹೋಗುತ್ತವೆ. ಟೈರ್ ಮೇಲೆ ಟೈರ್ ಪೇರಿಸುವ ವಿಡಿಯೊ ನೋಡಿ ಮರುಳಾಗಬೇಡಿ, ಅಷ್ಟೆತ್ತರಕ್ಕೂ ಗೆಡ್ಡೆ ಕಟ್ಟುವುದಿಲ್ಲ. ಆಮೇಲೆ ಏರಿ ಬಿರುಕು ಬಿಟ್ಟರೆ ಗೆಡ್ಡೆ ಊದುತ್ತಿದೆ ಎಂದರ್ಥ. ಅಂದೇ ಬಿರುಕು ಮುಚ್ಚಿ. ಬೆಳಕು ಬಿದ್ದು ಹಸಿರಾದ ಗೆಡ್ಡೆಯಲ್ಲಿ ಸೊಲನೈನ್ ಎಂಬ ವಿಷವಿರುತ್ತದೆ, ತಿನ್ನಬಾರದು.

ನೀರು ಬೆಳಗ್ಗೆ, ಸಾಲಿನ ಕಾಲುವೆಗೆ ಮಾತ್ರ. ಇಬ್ಬನಿಗೆ ಮೊದಲೇ ಎಲೆ ನೆನೆದಿರುತ್ತದೆ, ಮತ್ತೆ ನೆನೆಸಿದರೆ ಅಂಗಮಾರಿಯನ್ನು ಕರೆದಂತೆ. ಕಂದು ಮಚ್ಚೆ ಕಂಡ ಎಲೆಯನ್ನು ಕಿತ್ತು ಸುಟ್ಟುಬಿಡಿ.

ಮೂರು ತಿಂಗಳಿಗೆ ಎಲೆ ಹಳದಿಯಾಗುತ್ತದೆ. ನೀರು ನಿಲ್ಲಿಸಿ, ಗಿಡವನ್ನು ಬುಡಕ್ಕೆ ಕೊಯ್ದು, ಹತ್ತು ದಿನ ಗೆಡ್ಡೆಯನ್ನು ಮಣ್ಣಲ್ಲೇ ಬಿಡಿ. ಹೆಬ್ಬೆರಳಲ್ಲಿ ಉಜ್ಜಿದಾಗ ಸಿಪ್ಪೆ ಸುಲಿಯದಿದ್ದರೆ ಅಗೆಯಿರಿ. ತೊಳೆಯದೆ ಕತ್ತಲಲ್ಲಿ ಹರಡಿಡಿ. ಚಿಕ್ಕವನ್ನು ಮುಂದಿನ ವರ್ಷದ ಬೀಜಕ್ಕೆಂದು ಎತ್ತಿಡಬೇಡಿ, ಮಳೆಗಾಲ ದಾಟುವಷ್ಟರಲ್ಲಿ ಕೊಳೆಯುತ್ತವೆ. ಸಿಪ್ಪೆ ಸಮೇತ ಪಲ್ಯ ಮಾಡಿ.