ಸಂಘದ ಕೆಲಸಕ್ಕೆ ಜನ ಕಡಿಮೆಯಾಗಿದ್ದಾರೆಯೇ? ಲೆಕ್ಕ ಹಾಕುವ ಮತ್ತು ಕೆಲಸ ಹಂಚುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಯುವಕ ಸಂಘದ, ಯಕ್ಷಗಾನ ಕಲಾಸಂಘದ ಸಭೆಯಲ್ಲಿ ಕುಳಿತರೂ "ಈಗ ಕೆಲಸಕ್ಕೆ ಹುಡುಗರು ಸಿಗುವುದಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಹೆಚ್ಚಿನ ಕಡೆ ಕಡಿಮೆಯಾಗಿರುವುದು ಬೆಳಗ್ಗೆ ಬಂದು ಮರುದಿನ ಬೆಳಗ್ಗಿನವರೆಗೆ ನಿಲ್ಲುವ ಜನ. ಎರಡು–ಮೂರು ಗಂಟೆ ಕೊಡಬಲ್ಲವರು ಊರಲ್ಲಿ ಇದ್ದಾರೆ. ಅವರಿಗೆ ಒಪ್ಪುವ ಅಳತೆಯ ಕೆಲಸವನ್ನು ಸಂಘಗಳು ಇನ್ನೂ ಮಾಡಿಟ್ಟಿಲ್ಲ. ನಿಮ್ಮ ಸಂಘದಲ್ಲಿ ನಿಜವಾಗಿ ಏನಾಗಿದೆ ಎಂದು ತಿಳಿಯಲು ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮೊದಲು ಕಪಾಟಿನಿಂದ ಪುಸ್ತಕ ತೆಗೆಯಿರಿ

ಬೇಕಾದದ್ದು ಮೂರು: ನಡಾವಳಿ ಪುಸ್ತಕ, ಖರ್ಚಿನ ಪುಸ್ತಕ, ಹಳೆಯ ಆಮಂತ್ರಣ ಪತ್ರಿಕೆಗಳು. ಹೋಲಿಕೆಗೆ ಎರಡು ವರ್ಷ ಆರಿಸಿ. ಒಂದು 2018 ಅಥವಾ 2019, ಇನ್ನೊಂದು ಕಳೆದ ವರ್ಷ. 2020ರಿಂದ 2022ರವರೆಗಿನದ್ದನ್ನು ಬಿಡಿ. ಲಾಕ್‌ಡೌನ್, ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ತಡೆ, ಸಭೆ ಸಮಾರಂಭಗಳ ಮೇಲಿನ ನಿರ್ಬಂಧ, ಇವೆಲ್ಲ ಸೇರಿದ ಆ ವರ್ಷಗಳನ್ನು ಯಾವುದರ ಜೊತೆ ಇಟ್ಟರೂ ತಪ್ಪು ಚಿತ್ರ ಸಿಗುತ್ತದೆ.

ಎರಡೂ ವರ್ಷಗಳ ವಾರ್ಷಿಕೋತ್ಸವಕ್ಕೆ ಒಂದೊಂದು ಹಾಳೆ ಮಾಡಿ. ಚಪ್ಪರ, ಕುರ್ಚಿ, ಅಡುಗೆ, ಬಡಿಸುವುದು, ಮೈಕ್, ವಾಹನ ನಿಲ್ಲಿಸುವುದು, ಚೌಕಿ (ಯಕ್ಷಗಾನದ ವೇಷ ಕಟ್ಟುವ ಜಾಗ), ಗುಡಿಸುವುದು ಎಂದು ಒಂದೊಂದು ಕೆಲಸದ ಎದುರು ಮೂರು ಸಂಗತಿ ಬರೆಯಿರಿ: ಎಷ್ಟು ಜನ ಮಾಡಿದರು, ಎಷ್ಟು ಗಂಟೆ, ಹಣ ಕೊಟ್ಟು ಮಾಡಿಸಿದ್ದೋ ಅಲ್ಲವೋ. ಹೆಸರು ನೆನಪಿಲ್ಲದಲ್ಲಿ ಆಗಿನ ಕಾರ್ಯದರ್ಶಿಯನ್ನು, ಕೋಶಾಧಿಕಾರಿಯನ್ನು ಎದುರಿಗೆ ಕೂರಿಸಿ ಕೇಳಿ. ಫೋಟೋ ನೋಡಿ ಎಣಿಸಬೇಡಿ, ಫೋಟೋದಲ್ಲಿ ಇರುವವರೆಲ್ಲ ಕೆಲಸ ಮಾಡಿದವರಲ್ಲ. ವಾಟ್ಸ್ಆ್ಯಪ್ ಗುಂಪಿನ ಸದಸ್ಯರ ಸಂಖ್ಯೆ ಇನ್ನೂ ಮೋಸದ್ದು.

ಹೆಚ್ಚು ಮಾತಾಡುವುದು ಖರ್ಚಿನ ಪುಸ್ತಕವೇ. ಮೊದಲು ಹುಡುಗರೇ ಕಂಬ ನೆಟ್ಟು ತೆಂಗಿನ ಮಡಲು ಹಾಕುತ್ತಿದ್ದ ಚಪ್ಪರ ಈಗ ಶಾಮಿಯಾನದ ಬಿಲ್ಲಾಗಿರುತ್ತದೆ. ಬಡಿಸುವುದು ಕೇಟರಿಂಗ್‌ನವರ ಲೆಕ್ಕಕ್ಕೆ ಸೇರಿರುತ್ತದೆ. ಹಾಗಿದ್ದರೆ ಜನ ಬಿಟ್ಟುಹೋದದ್ದಲ್ಲ, ಕೆಲಸವೇ ಹೊರಗೆ ಹೋದದ್ದು. ಚಪ್ಪರದ ನೆಪದಲ್ಲಿ ಒಟ್ಟು ಸೇರುತ್ತಿದ್ದ ಹದಿನೈದರ ಹರೆಯದವರಿಗೆ ಈಗ ಸಂಘಕ್ಕೆ ಬರಲು ಕಾರಣವೇ ಉಳಿದಿಲ್ಲ. ಜನರ ಸಂಖ್ಯೆ ಅಷ್ಟೇ ಇದ್ದು ಗಂಟೆ ಇಳಿದಿದ್ದರೆ ಅದು ಬೇರೆ ಸಮಸ್ಯೆ: ಮಂಗಳೂರಿನ ಕಾಲೇಜು, ಆಸ್ಪತ್ರೆ, ಅಂಗಡಿಗಳಿಗೆ ಬೆಳಗ್ಗಿನ ರೈಲಿನಲ್ಲಿ ಹೋಗಿ ರಾತ್ರಿ ಬರುವವರಿಗೆ ದಿನವಿಡೀ ನಿಲ್ಲಲಾಗದು. ಎರಡೂ ಇಳಿದಿದ್ದರೆ ಮಾತ್ರ ಜನ ನಿಜವಾಗಿ ಕಡಿಮೆಯಾಗಿದ್ದಾರೆ.

ಇನ್ನೊಂದನ್ನೂ ಸೇರಿಸಿಕೊಳ್ಳಬೇಕು. ಕೆಲಸ ಮೊದಲಿಗಿಂತ ಹೆಚ್ಚಾಗಿದೆ. ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ 2020ರ ಜನವರಿಯಿಂದ ನಿಷೇಧ. ಎಸೆಯುವ ಲೋಟದ ಜಾಗಕ್ಕೆ ಸ್ಟೀಲ್ ಲೋಟ ಬಂದ ಕೂಡಲೇ ತೊಳೆಯುವ ಕೆಲಸ ಹುಟ್ಟಿತು. ಅದಕ್ಕೆ ಜನ ನೇಮಿಸದ ಸಂಘಗಳಲ್ಲಿ ಬಡಿಸುವವರೇ ಓಡಿಹೋಗಿ ತೊಳೆಯುತ್ತಾರೆ, ಹಂತಿಯಲ್ಲಿ (ಊಟದ ಪಂಕ್ತಿಯಲ್ಲಿ) ಸಾರು ತಡವಾಗುತ್ತದೆ, "ಜನ ಇಲ್ಲ" ಎಂಬ ಕೂಗು ಏಳುತ್ತದೆ.

ಗಂಟೆಗಳಲ್ಲಿ ಅಳೆಯಿರಿ

ಮುನ್ನೂರು ಜನರ ಊಟ, ಸಂಜೆ ಕಾಲಮಿತಿಯ ಯಕ್ಷಗಾನ, ಅಂದರೆ ಆಟ. ಇಂಥ ಒಂದು ವಾರ್ಷಿಕೋತ್ಸವವನ್ನು ಲೆಕ್ಕಕ್ಕೆ ಹಿಡಿಯೋಣ. ಹಿಂದಿನ ಸಂಜೆ ಕುರ್ಚಿ, ವೇದಿಕೆ, ದೀಪಕ್ಕೆ 8 ಜನ 3 ಗಂಟೆ, ಅಂದರೆ 24. ತರಕಾರಿ ಹೆಚ್ಚಲು, ತೆಂಗಿನಕಾಯಿ ತುರಿಯಲು, ಅಡುಗೆಯವರಿಗೆ ಸಹಾಯಕ್ಕೆ 6 ಜನ 4 ಗಂಟೆ, 24. ಬಡಿಸಲು 12 ಜನ 2 ಗಂಟೆ, 24. ತೊಳೆಯಲು 4 ಜನ 3 ಗಂಟೆ, ವಾಹನಕ್ಕೆ 4 ಜನ 3 ಗಂಟೆ, ಚೌಕಿ ಮತ್ತು ವೇದಿಕೆಗೆ 3 ಜನ 4 ಗಂಟೆ, ಕೊನೆಗೆ ಗುಡಿಸಿ ಕಸ ಬೇರ್ಪಡಿಸಲು 6 ಜನ 2 ಗಂಟೆ; ಇವು ನಾಲ್ಕೂ ತಲಾ 12. ಒಟ್ಟು 120 ಗಂಟೆ.

ಎಂಟು ಜನರೇ ಹೊತ್ತರೆ ಒಬ್ಬೊಬ್ಬರಿಗೆ 15 ಗಂಟೆ. ಅಂಥವರು ಎರಡು ವರ್ಷ ಮಾಡಿ ಮೂರನೆಯ ವರ್ಷ ಫೋನ್ ಎತ್ತದಿದ್ದರೆ ತಪ್ಪು ಅವರದ್ದಲ್ಲ. ತಲಾ 3 ಗಂಟೆಯಂತೆ ಹಂಚಿದರೆ 40 ಜನ ಬೇಕು. ಸಂಖ್ಯೆ ದೊಡ್ಡದೆಂದು ಹೆದರಬೇಡಿ. ಮೂರು ಗಂಟೆಗೆ ಒಪ್ಪುವ 40 ಜನರನ್ನು ಹುಡುಕುವುದು, ಹದಿನೈದು ಗಂಟೆಗೆ ಒಪ್ಪುವ 8 ಜನರನ್ನು ಹುಡುಕುವುದಕ್ಕಿಂತ ಈಗ ಸುಲಭ.

ಬಡಿಸುವ 12 ಜನರ ಹಂಚಿಕೆ ಹೀಗೆ: ಉಪ್ಪು–ಉಪ್ಪಿನಕಾಯಿಗೆ ಒಬ್ಬ, ಪಲ್ಯಕ್ಕೆ ಒಬ್ಬ, ಅನ್ನಕ್ಕೆ ಇಬ್ಬರು, ಸಾರು, ಸಾಂಬಾರು, ಪಾಯಸ, ಮಜ್ಜಿಗೆಗೆ ಒಬ್ಬೊಬ್ಬರು, ನೀರಿಗೆ ಇಬ್ಬರು, ಉಗ್ರಾಣದಿಂದ ಹಂತಿಯ ತುದಿಯವರೆಗೆ ಪಾತ್ರೆ ತಂದುಕೊಡಲು ಇಬ್ಬರು. ಈ ಕೊನೆಯ ಇಬ್ಬರನ್ನು ಬಿಟ್ಟರೆ ಬಡಿಸುವವರೇ ಪ್ರತಿ ಸಲ ಉಗ್ರಾಣಕ್ಕೆ ನಡೆಯಬೇಕಾಗುತ್ತದೆ. ನೂರು ಜನರ ಹಂತಿಗೆ ಅರ್ಧ ಗಂಟೆ ಸಾಕಾಗುವಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ.

ತೊಳೆಯುವ ಜಾಗವನ್ನೂ ಹಿಂದಿನ ದಿನವೇ ಸಿದ್ಧಮಾಡಿ. ನೂರು ಜನರ ಹಂತಿಗೆ ನೀರಿಗೊಂದು, ಪಾಯಸಕ್ಕೊಂದು ಎಂದು 200 ಲೋಟ. ಒಂದು ತಂಡ ತೊಳೆಯುತ್ತಿರುವಾಗ ಮುಂದಿನ ಹಂತಿಗೆ ಹೋಗಲು ಇನ್ನೂ 100 ಇರಲಿ. ಮೂರು ಅಗಲದ ಪಾತ್ರೆ ಸಾಲಾಗಿಡಿ: ಸಾಬೂನು ನೀರು, ಬರಿ ನೀರು, ಕೊನೆಗೆ ಬಿಸಿ ನೀರು. ಆಮೇಲೆ ಕವುಚಿ ಇಡಲು ಬಿದಿರಿನ ತಟ್ಟಿ ಅಥವಾ ಶುದ್ಧ ಬಟ್ಟೆ ಹಾಸಿದ ಮೇಜು. ಒಂದೇ ನಲ್ಲಿಯಿದ್ದರೆ ಮೂವರು ಸುಮ್ಮನೆ ನಿಲ್ಲಬೇಕಾಗುತ್ತದೆ, ಆದ್ದರಿಂದ ಎತ್ತರದಲ್ಲಿ 500 ಲೀಟರಿನ ಟ್ಯಾಂಕ್ ಇಟ್ಟು ಎರಡು ಪೈಪ್ ಎಳೆಯಿರಿ. ಕೊಳೆನೀರು ತೆಂಗಿನ ಬುಡದತ್ತ ಹೋಗಲಿ, ಅಂಗಳಕ್ಕೆ ಬಂದರೆ ಕೆಸರಾಗಿ ಜಾರುತ್ತದೆ. ಈ ಕೆಲಸಕ್ಕೆ ಪ್ರತಿ ಸಲ ಹೆಂಗಸರನ್ನೇ ಹಚ್ಚುವುದು ಬೇಡ. ಅವರು ಸಂಘದಿಂದ ದೂರ ಸರಿಯುವುದಕ್ಕೆ ಇದೊಂದು ದೊಡ್ಡ ಕಾರಣ.

ಕೇಳುವ ರೀತಿ

"ಎಲ್ಲರೂ ಬಂದು ಸಹಕರಿಸಬೇಕು" ಎಂದು ಗುಂಪಿಗೆ ಹಾಕಿದ ಸಂದೇಶಕ್ಕೆ ಕೈಮುಗಿದ ಚಿಹ್ನೆ ಬರುತ್ತದೆ, ಜನ ಬರುವುದಿಲ್ಲ. ಹತ್ತು ದಿನ ಮೊದಲು ಒಬ್ಬೊಬ್ಬರಿಗೆ ಫೋನ್ ಮಾಡಿ, ಕೆಲಸ, ಜಾಗ, ಮುಗಿಯುವ ಹೊತ್ತು ಹೇಳಿ: "ತಮ್ಮಾ, ಶನಿವಾರ ಸಂಜೆ 5ರಿಂದ 8ರವರೆಗೆ ಶಾಲೆಯ ಗೇಟಿನ ಹತ್ತಿರ ಬೈಕ್ ನಿಲ್ಲಿಸುವಲ್ಲಿ ಇರಬೇಕಿತ್ತು. ಜೊತೆಗೆ ಇನ್ನೊಬ್ಬ ಇರ್ತಾನೆ. 8ಕ್ಕೆ ಬೇರೆಯವರು ಬರ್ತಾರೆ, ನೀನು ಆಟ ನೋಡಬಹುದು. ಆಗ್ತದಾ?" ಮುಗಿಯುವ ಹೊತ್ತು ಹೇಳುವುದೇ ಇದರ ಜೀವ. ಎಂಟಕ್ಕೆ ಬಿಡುತ್ತೇವೆ ಎಂದು ಹೇಳಿ ಹತ್ತರವರೆಗೆ ನಿಲ್ಲಿಸಿಕೊಂಡರೆ ಆ ಹುಡುಗ ಮತ್ತೆ ಬರುವುದಿಲ್ಲ, ಅವನ ಗೆಳೆಯರೂ ಬರುವುದಿಲ್ಲ. ನಾಲ್ಕು ಜನ ಬೇಕಾದಲ್ಲಿ ಐವರನ್ನು ಒಪ್ಪಿಸಿ, ಹಿಂದಿನ ದಿನ ಒಮ್ಮೆ ನೆನಪಿಸಿ.

ಸಭೆಯ ಹೊತ್ತು ಬದಲಿಸದೆ ಹೊಸ ಮುಖ ಬರುವುದಿಲ್ಲ. ರಾತ್ರಿ 8ರ ಸಭೆಗೆ ಬರುವವರು ಬೈಕಿರುವ ಗಂಡಸರು ಮಾತ್ರ. ಭಾನುವಾರ ಸಂಜೆ 4ಕ್ಕೆ ಇಟ್ಟು 5:30ಕ್ಕೆ ಮುಗಿಸಿದರೆ ಹುಡುಗಿಯರೂ, ಬಸ್ಸನ್ನೇ ನಂಬಿದವರೂ ಬರಬಹುದು. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಮಕ್ಕಳನ್ನು ಕರೆಯಬೇಡಿ. ಮಳೆಗಾಲದ ಆರಂಭದಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡುವ ದಿನಗಳಲ್ಲಿ ಕೃಷಿಕ ಮನೆಯವರನ್ನೂ ಕರೆಯಬೇಡಿ. ಬರಲಾರದವರನ್ನು ಪದೇ ಪದೇ ಕೇಳಿದರೆ ಮುಂದಿನ ಸಲ ಬರಬಹುದಾದವರನ್ನೂ ಕಳೆದುಕೊಳ್ಳುತ್ತೀರಿ. ಹದಿನೆಂಟು ತುಂಬದವರಿಗೆ ಏಣಿ, ವಿದ್ಯುತ್, ಹೆದ್ದಾರಿ ಬದಿಯ ಪಾರ್ಕಿಂಗ್ ಬೇಡ. ಮನೆಯವರಿಗೆ ಒಂದು ಮಾತು ಹೇಳಿಯೇ ಕರೆಯಿರಿ.

ಮಲಯಾಳಂ ಮಾಧ್ಯಮದಲ್ಲಿ ಕಲಿತ ಮಕ್ಕಳನ್ನು "ಇವರಿಗೆ ಕನ್ನಡ ಓದಲು ಬಾರದು" ಎಂದು ಬದಿಗಿಡುವ ಅಭ್ಯಾಸ ಕೆಲವು ಕಡೆ ಇದೆ. ಅದು ಬೇಸರದ ಸಂಗತಿ, ನಷ್ಟದ್ದೂ ಹೌದು. ಪಂಚಾಯತಿಗೆ, ಪೊಲೀಸ್ ಠಾಣೆಗೆ ಕೊಡುವ ಮಲಯಾಳಂ ಅರ್ಜಿಗಳನ್ನು ಬರೆಯಲು ಅವರಿಗಿಂತ ಒಳ್ಳೆಯವರು ಸಿಗಲಾರರು. ಕೆಲಸದ ಸೂಚನೆಯನ್ನು ಧ್ವನಿ ಸಂದೇಶದಲ್ಲಿ, ಮನೆಯಲ್ಲಿ ಆಡುವ ತುಳುವಿನಲ್ಲೋ ಮಲಯಾಳದಲ್ಲೋ ಕಳುಹಿಸಿದರೆ ಓದುವ ತೊಡಕೇ ಇಲ್ಲ. ಗಲ್ಫಿನಲ್ಲಿರುವವರಿಂದ ಬರೇ ದೇಣಿಗೆ ಕೇಳುವುದೂ ಸಾಲದು. ಪೋಸ್ಟರ್ ಮಾಡುವುದು, ಆಮಂತ್ರಣದ ಕರಡು ತಿದ್ದುವುದು, ಲೆಕ್ಕ ಕೂಡಿಸುವುದು ಅಲ್ಲಿಂದಲೇ ಆಗುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9:30ಕ್ಕೆ ಕರೆದರೆ ಅಲ್ಲಿ 8.

ಹಂಚಲಾಗದ ಕೆಲಸಗಳು

ಚೆಂಡೆ–ಮದ್ದಳೆ, ಭಾಗವತಿಕೆ, ವೇಷ ಕಟ್ಟುವುದು ಮೂರು ಗಂಟೆಯ ಪಾಳಿಗೆ ಸಿಗುವ ವಿದ್ಯೆಯಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬೇಕಾದದ್ದು ಹಿಂದೆ ನಿಂತು ಕಲಿಯುವವರು, ಪ್ರತಿಯೊಂದು ಕೆಲಸಕ್ಕೆ ಕನಿಷ್ಠ ಇಬ್ಬರು. ಒಬ್ಬನನ್ನೇ ನೆಚ್ಚಿದರೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ದಿನ ಆ ಎಳೆ ಕಡಿಯುತ್ತದೆ.

ಚೌಕಿಯಲ್ಲಿ ಹೊಸಬರಿಗೆ ಮೊದಲ ವರ್ಷ ಸಾಮಾನು ಗುರುತಿಸುವುದು ಸಾಕು: ಯಾವ ಪೆಟ್ಟಿಗೆಯಲ್ಲಿ ಕಿರೀಟ, ಯಾವುದರಲ್ಲಿ ಗೆಜ್ಜೆ, ಭುಜಕೀರ್ತಿ ಎದೆಪದಕಗಳನ್ನು ಆಟ ಮುಗಿದ ಮೇಲೆ ಬೆವರು ಒರೆಸಿ ಯಾವ ಕ್ರಮದಲ್ಲಿ ಇಡುವುದು. ಎರಡನೆಯ ವರ್ಷ ಕಟ್ಟಲು ಕೈಜೋಡಿಸಲಿ. ದಾರ ಸಡಿಲವಾದರೆ ಕುಣಿಯುವಾಗ ಜಾರುತ್ತದೆ, ಬಿಗಿಯಾದರೆ ಉಸಿರು ಕಟ್ಟುತ್ತದೆ. ಆ ಹದ ಕೈಗೆ ಬರುವುದು ಹತ್ತಾರು ಸಲ ಕಟ್ಟಿದ ಮೇಲೆಯೇ. ಕೋಶಾಧಿಕಾರಿಯ ಕೆಲಸವೂ ಹೀಗೆಯೇ, ಒಂದು ಪೂರ್ತಿ ವರ್ಷ ಪಕ್ಕದಲ್ಲಿ ಕುಳಿತು ಕಲಿಯಬೇಕು.

ಬಂದವರು ಯಾಕೆ ಹೋಗುತ್ತಾರೆ

ಮೊದಲ ಸಲ ಬಂದವನಿಗೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಆಮೇಲೆ ತಪ್ಪಾದಾಗ ಹತ್ತು ಜನರೆದುರು ಗದರುತ್ತಾರೆ. ಊಟದ ಕೊನೆಯಲ್ಲಿ ಬಡಿಸಿದವರಿಗೇ ಪಾಯಸ ಇರುವುದಿಲ್ಲ. ಇವಕ್ಕೆ ಮದ್ದು ಕಷ್ಟದ್ದಲ್ಲ: ಹೊಸಬರ ಜೊತೆ ಒಬ್ಬ ಹಳಬ, ತಿದ್ದುವುದಿದ್ದರೆ ಬದಿಗೆ ಕರೆದು, 12 ಜನರ ಪಾಲನ್ನು ಮೊದಲೇ ತೆಗೆದಿಡುವುದು. ದೊಡ್ಡ ಕಾರಣ ಲೆಕ್ಕ. ರಶೀದಿ ಹಿಡಿದು ಮನೆಮನೆಗೆ ಹೋದವರಿಗೆ ಆ ಹಣ ಏನಾಯಿತೆಂದು ತಿಳಿಯದಿದ್ದರೆ ಮುಂದಿನ ವರ್ಷ ಅವರು ಆ ಮನೆಗಳ ಮುಂದೆ ನಿಲ್ಲಲಾರರು. ಕಾರ್ಯಕ್ರಮ ಮುಗಿದ 15 ದಿನದೊಳಗೆ ಆಯ–ವ್ಯಯ ಓದಿ, ಅದರ ಪ್ರತಿಯನ್ನು ಗೋಡೆಗೆ ಅಂಟಿಸಿ.

ಸಂಘದ ಕಟ್ಟಡದಲ್ಲಿ ಒಂದೇ ಪಕ್ಷದ ಅಥವಾ ಒಂದೇ ಜಾತಿಯ ಸಭೆಗಳು ನಡೆಯತೊಡಗಿದರೂ ಉಳಿದವರು ಮಾತಿಲ್ಲದೆ ನಿಲ್ಲುತ್ತಾರೆ. ಕೀಲಿಕೈ ಯಾರ ಬಳಿ, ಯಾವ ಸಭೆಗೆ ಜಾಗ ಕೊಡುವುದು ಎಂಬುದನ್ನು ನಿಯಮಾವಳಿಯಲ್ಲೇ ಬರೆದಿಡಿ.

ಕಾಗದಪತ್ರ

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಘನತ್ಯಾಜ್ಯ ನಿಯಮಗಳಂತೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯಾಡಳಿತಕ್ಕೆ ತಿಳಿಸಬೇಕು, ಕಸ ಬೇರ್ಪಡಿಸಬೇಕು. ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರೊಡನೆ ಮೊದಲೇ ಮಾತಾಡಿದರೆ ಕೊನೆಯ ಪಾಳಿಯ ಆರು ಜನರ ಹೊರೆ ಇಳಿಯುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಆಟ 5:30ಕ್ಕೇ ಆರಂಭವಾಗಲಿ. ಪಾಳಿ ಹಂಚಲೂ ಅನುಕೂಲ.

ಯುವಜನರ ಕಲೆ–ಕ್ರೀಡೆಯ ಹಬ್ಬವಾದ ಕೇರಳೋತ್ಸವದ ಸ್ಪರ್ಧೆಗಳು 15ರಿಂದ 40 ವರ್ಷದವರಿಗೆ, ಪಂಚಾಯತಿ ಮಟ್ಟದಿಂದ ಶುರು. ಹೊಸಬರನ್ನು ಮೊದಲು ಅಲ್ಲಿಗೆ ಕರೆದೊಯ್ಯುವುದು ಒಳ್ಳೆಯದು: ಒಂದು ದಿನದ ಕೆಲಸ, ಫಲ ಕೂಡಲೇ ಕಾಣುತ್ತದೆ. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಬಂದು ದುಡಿದರೆ ದಿನಾಂಕ, ಗಂಟೆ, ಮಾಡಿದ ಕೆಲಸ ಬರೆದು ಮೊಹರು ಹಾಕಿದ ಪತ್ರವನ್ನು ಅಂದೇ ಕೊಡಿ.

ನಮ್ಮ ಮಲಬಾರಿನ ಸಂಘಗಳು 1860ರ ಸೊಸೈಟಿ ಕಾಯಿದೆಯಡಿ ನೋಂದಾಯಿತ. ವಾರ್ಷಿಕ ಮಹಾಸಭೆ ಮುಗಿದು 14 ದಿನದೊಳಗೆ ಹೊಸ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಅದೇ ಮಹಾಸಭೆಯ ವರದಿಯಲ್ಲಿ ಆಯ–ವ್ಯಯದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ವರ್ಷ ಎಷ್ಟು ಜನ, ಒಟ್ಟು ಎಷ್ಟು ಗಂಟೆ, ಅದರಲ್ಲಿ ಮೊದಲ ಸಲ ಬಂದವರು ಎಷ್ಟು. ಮುಂದಿನ ಕಾರ್ಯದರ್ಶಿ ಹೋಲಿಕೆಗೆ ಹಳೆಯ ಬಿಲ್ಲುಗಳನ್ನು ಕೆದಕಬೇಕಾಗಿ ಬಾರದು.