ನೈರೋಬಿಯಲ್ಲಿ ರೂಮು ಹಿಡಿಯುವ ಮುಂಚೆ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಚಹಾಪುಡಿ, ಹಿಟ್ಟು ತುಂಬುವ ಪ್ಯಾಕಿಂಗ್ ಯಂತ್ರಗಳು ತಯಾರಾಗುತ್ತವೆ. ಅವುಗಳಲ್ಲಿ ಕೆಲವು ಕೀನ್ಯಾಕ್ಕೆ ಹೋಗುತ್ತವೆ. ಅಲ್ಲಿಗೆ ಹೋಗಿ ಯಂತ್ರ ಕೂರಿಸಿ, ಓಡಿಸಿ ತೋರಿಸಿ, ಅಲ್ಲಿನ ಆಪರೇಟರುಗಳಿಗೆ ಕೆಲಸ ಕಲಿಸಿ ಬರುವುದು ನನ್ನ ಪಾಲಿನದು. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ನೈರೋಬಿಯಲ್ಲೇ ಇರಬೇಕು. ಕಂಪನಿ ಕೊಡುವ ಭತ್ಯೆಯಲ್ಲಿ ದೊಡ್ಡ ಹೋಟೆಲಿಗೆ ಹೋಗುವಂತಿಲ್ಲ, ಮಧ್ಯಮ ದರ್ಜೆಯದೇ ಗತಿ. ಅದರಲ್ಲೇ ನೆಮ್ಮದಿಯಾಗಿ ಇರುವುದನ್ನು ಕಲಿಯಲು ನನಗೆ ಮೂರು ಪ್ರಯಾಣ ಬೇಕಾಯಿತು.

ಮೊದಲ ಸಲ ಫೋಟೊ ನೋಡಿ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ರೂಮು ಹಿಡಿದೆ. ಚೆಂದದ ಲಾಬಿ, ಮೇಲೆ ಈಜುಕೊಳ. ಆದರೆ ನನ್ನ ಕೆಲಸ ಇದ್ದದ್ದು ಊರಿನ ಇನ್ನೊಂದು ದಿಕ್ಕಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಎಂಟರ್‌ಪ್ರೈಸ್ ರಸ್ತೆಯಲ್ಲಿ. ನಕ್ಷೆಯಲ್ಲಿ ಅಷ್ಟೇನೂ ದೂರ ಕಾಣುವುದಿಲ್ಲ. ಬೆಳಿಗ್ಗೆ ಉಹುರು ಹೈವೇಯ ಒಂದೊಂದು ವೃತ್ತದಲ್ಲೂ ಪೊಲೀಸರು ಕೈ ತೋರಿಸಿ ಬಿಡುವವರೆಗೆ ಕಾಯುವಾಗ ಅದು ಎಷ್ಟು ದೂರವೆಂದು ತಿಳಿಯಿತು. ಮಳೆ ಬಂದ ದಿನ ಎರಡು ಗಂಟೆ ಹಿಡಿಯಿತು. ನಾನು ತಲುಪುವಷ್ಟರಲ್ಲಿ ಕಲಿಯಲೆಂದು ನಿಲ್ಲಿಸಿಕೊಂಡಿದ್ದ ಹುಡುಗರನ್ನು ಬೇರೆ ಯಂತ್ರಕ್ಕೆ ಕಳಿಸಿಬಿಟ್ಟಿದ್ದರು. 2022ರಲ್ಲಿ ವೆಸ್ಟ್‌ಲ್ಯಾಂಡ್ಸ್‌ನಿಂದ ಮ್ಲೊಲೊಂಗೊವರೆಗೆ 27 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಟೋಲ್ ಕಟ್ಟಿದರೆ ಬೇಗ ಹೋಗಬಹುದು. ಆದರೂ ನಾನೀಗ ಇಳಿಯುವುದು ಇಂಡಸ್ಟ್ರಿಯಲ್ ಏರಿಯಾಕ್ಕೆ ಹತ್ತಿರದ ಸೌತ್ ಸಿ ಎಂಬ ಬಡಾವಣೆಯ ಕಡೆಗೆ. ಅಲ್ಲಿ ಈಜುಕೊಳವಿಲ್ಲ, ರೂಮು ಸಣ್ಣದು, ಆದರೆ ಇಪ್ಪತ್ತು ನಿಮಿಷದಲ್ಲಿ ಯಂತ್ರದ ಮುಂದೆ ಇರುತ್ತೇನೆ. ಹೋಟೆಲ್ ಆರಿಸುವ ಮುಂಚೆ ಬೆಳಗಿನ ಏಳೂವರೆಗೆ ಆ ರಸ್ತೆ ಹೇಗಿರುತ್ತದೆ ಎಂದು ಅಲ್ಲಿನ ಗ್ರಾಹಕರನ್ನೇ ಕೇಳಿಬಿಡಿ. ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಆಮೇಲೆ ರಿಸೆಪ್ಷನ್‌ಗೆ ನಾನೇ ಫೋನು ಮಾಡಿ ಕೇಳುವುದು ಜನರೇಟರಿನ ವಿಷಯ. ಕರೆಂಟ್ ಹೋಗುವುದು ಅಲ್ಲೂ ಇದ್ದದ್ದೇ. ಇಂಥ ಹೋಟೆಲುಗಳಲ್ಲಿ ಜನರೇಟರ್ ಇದೆಯೇ ಎಂದು ಕೇಳಬೇಕಿಲ್ಲ, ಎಲ್ಲಿದೆ ಎಂದು ಕೇಳಬೇಕು. ಎರಡನೇ ಪ್ರಯಾಣದಲ್ಲಿ ಅದು ನನ್ನ ಕಿಟಕಿಯ ಕೆಳಗೇ ಇತ್ತು. ರಾತ್ರಿ ಎರಡಕ್ಕೆ ಶುರುವಾದರೆ ಬೆಳಗಾಗುವವರೆಗೂ ಗೋಡೆ ನಡುಗುತ್ತಿತ್ತು. ಈಗ ಮೂರನೇ ಮಹಡಿಯ ಮೇಲೆ, ಜನರೇಟರಿಗೂ ಬಾರಿಗೂ ದೂರವಿರುವ ಕೋಣೆ ಕೊಡಿ ಎಂದು ಮೊದಲೇ ಬರೆಸಿಟ್ಟುಕೊಳ್ಳುತ್ತೇನೆ. ಶುಕ್ರವಾರ ಬಾರಿನ ಸಂಗೀತ ಮಧ್ಯರಾತ್ರಿ ದಾಟಿಯೂ ನಡೆಯುತ್ತದೆ.

ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ತೆಳ್ಳನೆ ಅಂಗಿಗಳನ್ನಷ್ಟೇ ಒಯ್ದು ಜುಲೈನಲ್ಲಿ ನಡುಗಿದವನು ನಾನು. ನೈರೋಬಿ ಸಮಭಾಜಕಕ್ಕೆ ಹತ್ತಿರವಿದ್ದರೂ ಸಮುದ್ರಮಟ್ಟದಿಂದ ಸುಮಾರು 1,795 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರಿನ ಎತ್ತರಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದೇ ಇರುತ್ತದೆ, ರಾತ್ರಿ ಸ್ವೆಟರ್ ಬೇಕೇ ಬೇಕು. ರೂಮಿನಲ್ಲಿ ಹೀಟರ್ ಇರಲಿಕ್ಕಿಲ್ಲ. ಹೋದ ತಕ್ಷಣ ಇನ್ನೊಂದು ಕಂಬಳಿ ಕೇಳಿ ಇಟ್ಟುಕೊಳ್ಳುತ್ತೇನೆ.

ಬಿಸಿನೀರಿನ ವಿಷಯದಲ್ಲಿ ನಾನೊಂದು ಪಾಠ ಕಲಿತೆ. ರೂಮು ಗುಡಿಸುವ ಹೆಂಗಸನ್ನು ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಾಗ ಆಕೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ "ಸಾ ಕುಮಿ ನಾ ಮ್ಬಿಲಿ" ಅಂದರು. ಕುಮಿ ಎಂದರೆ ಹತ್ತು, ಮ್ಬಿಲಿ ಎಂದರೆ ಎರಡು ಎಂದು ನನಗೆ ಗೊತ್ತಿತ್ತು. ಹಾಗಾದರೆ ಹನ್ನೆರಡು ಗಂಟೆ ಎಂದುಕೊಂಡು ಎರಡು ದಿನ ಐದೂವರೆಗೇ ತಣ್ಣೀರು ಮೈಮೇಲೆ ಸುರಿದುಕೊಂಡೆ. ಕಾರ್ಖಾನೆಯ ಆಪರೇಟರ್ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಸ್ವಾಹಿಲಿಯಲ್ಲಿ ಗಂಟೆಯ ಲೆಕ್ಕ ಸೂರ್ಯೋದಯದಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಬೆಳಗಿನ ಆರು ಅವರಿಗೆ ಹನ್ನೆರಡು. ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗಿರುವ ಊರಿನಲ್ಲಿ ಇದಕ್ಕಿಂತ ಸಹಜವಾದ ಲೆಕ್ಕ ಇನ್ನಾವುದಿದೆ! ಇಂಗ್ಲಿಷಿನಲ್ಲಿ ಮಾತಾಡುವಾಗ ಅವರೂ ನಮ್ಮ ಗಂಟೆಯನ್ನೇ ಹೇಳುತ್ತಾರೆ, ಸ್ವಾಹಿಲಿಯಲ್ಲಿ ಹೇಳಿದರೆ ಮಾತ್ರ ಆರು ಕೂಡಿಸಿಕೊಳ್ಳಬೇಕು.

ಊಟದ ಬಗ್ಗೆ ಹೊರಡುವಾಗಲೆಲ್ಲ ಅಮ್ಮನಿಗೆ ಚಿಂತೆ. ನಾನು ಶಾಕಾಹಾರಿ. ಬುಫೆಯಲ್ಲಿ ಪಾತ್ರೆಗಳ ಮುಚ್ಚಳ ಎತ್ತಿ ಎತ್ತಿ ನೋಡುವ ಬದಲು ಮೊದಲ ದಿನವೇ ಅಡುಗೆಮನೆಯ ಬಾಗಿಲಿಗೆ ಹೋಗಿ ಅಡುಗೆಯವರನ್ನೇ ಮಾತಾಡಿಸುತ್ತೇನೆ. ವಯಸ್ಸಾದ ಹೆಂಗಸರನ್ನು ಅಲ್ಲಿ "ಮಾಮಾ" ಎಂದು ಕರೆಯುವುದು ರೂಢಿ, ನಾವು ಅಮ್ಮ ಅಂದ ಹಾಗೆ. "ಸಿಲಿ ನ್ಯಾಮಾ" ಎಂದರೆ ಮಾಂಸ ತಿನ್ನುವುದಿಲ್ಲ ಎಂದರ್ಥ. ಅಷ್ಟೇ ಹೇಳಿದರೆ ಸಾಲದು, ಕುಕು ಎಂಬ ಕೋಳಿಯನ್ನೂ ಸಮಾಕಿ ಎಂಬ ಮೀನನ್ನೂ ಹೆಸರು ಹಿಡಿದು ಬಿಡಿಸಿ ಹೇಳಬೇಕು. ಸೂಪಿಗೆ ಮೂಳೆ ಬೇಯಿಸಿದ ನೀರು ಬೇಡವೆಂದೂ ಸೇರಿಸುತ್ತೇನೆ. ಒಮ್ಮೆ ಅರ್ಥವಾಯಿತೆಂದರೆ ಎಷ್ಟು ಅಕ್ಕರೆಯಿಂದ ಮಾಡಿಕೊಡುತ್ತಾರೆಂದರೆ, ನಾನು ತಡವಾಗಿ ಬಂದ ದಿನವೂ ನ್ದೆಂಗು ಮುಚ್ಚಿಟ್ಟಿರುತ್ತಿದ್ದರು. ನ್ದೆಂಗು ನಮ್ಮ ಹೆಸರುಕಾಳೇ, ಈರುಳ್ಳಿ ಟೊಮೆಟೊ ಹಾಕಿ ಬೇಯಿಸಿದ್ದು. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಚಪಾತಿ. ಅಲ್ಲಿನ ಚಪಾತಿ ಪರೋಟದ ಹಾಗೆ ಪದರಪದರ. 1896ರಿಂದ 1901ರವರೆಗೆ ಮೊಂಬಾಸಾದಿಂದ ಒಳನಾಡಿಗೆ ರೈಲುದಾರಿ ಹಾಕಲು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದಿದ್ದರು. ನೈರೋಬಿ ಹುಟ್ಟಿದ್ದೇ 1899ರಲ್ಲಿ, ಆ ರೈಲಿನ ತಂಗುದಾಣವಾಗಿ. ಚಪಾತಿ, ಚಾಯ್ ಎಂಬ ಮಾತುಗಳು ಅಲ್ಲಿನವರ ಬಾಯಲ್ಲಿ ತಮ್ಮವೇ ಆಗಿಹೋಗಿವೆ. ಬೆಳಗಿನ ತಿಂಡಿಗೆ ಕರಿದ ಮಂದಾಜಿ ಕೈಗೆ ಬಂದಾಗ ಮಂಗಳೂರು ಬನ್ಸ್ ನೆನಪಾಗುತ್ತದೆ, ಬಾಳೆಹಣ್ಣಿನ ಪರಿಮಳವೊಂದಿಲ್ಲ. ರಾತ್ರಿ ತಡವಾದರೆ ರೂಮಿನ ಕೆಟಲ್ ಇದ್ದೇ ಇದೆ, ಬಿಸಿನೀರು ಹಾಕಿ ಗೊಜ್ಜವಲಕ್ಕಿ ನೆನೆಸಿಕೊಳ್ಳುತ್ತೇನೆ. ಅವಲಕ್ಕಿ, ಚಟ್ನಿಪುಡಿ ಒಯ್ಯುವುದು ಬಟ್ಟೆ ಚೀಲ, ಸ್ಟೀಲ್ ಡಬ್ಬಿಗಳಲ್ಲಿ. 2017ರ ಆಗಸ್ಟಿನಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ.

ದುಡ್ಡಿನ ವ್ಯವಹಾರಕ್ಕೆ ಎಂ-ಪೆಸಾ, ಅಂದರೆ ಫೋನಿನಿಂದಲೇ ಹಣ ಕೊಡುವ ವ್ಯವಸ್ಥೆ. ಪಾಸ್‌ಪೋರ್ಟ್ ತೋರಿಸಿ ವಿಮಾನ ನಿಲ್ದಾಣದಲ್ಲೇ ಸಿಮ್ ಕೊಂಡು ಅದನ್ನು ಮಾಡಿಸಿಕೊಳ್ಳುತ್ತೇನೆ. ಟ್ಯಾಕ್ಸಿಯಿಂದ ಹಣ್ಣಿನ ಗಾಡಿಯವರೆಗೆ ಎಲ್ಲ ಕಡೆ ನಡೆಯುತ್ತದೆ. ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮೊದಲು, 2007ರಲ್ಲಿ ಶುರುವಾದದ್ದು, ಇಂಟರ್ನೆಟ್ ಇಲ್ಲದ ಸಾದಾ ಫೋನಿನಲ್ಲೂ ಕೆಲಸ ಮಾಡುತ್ತದೆ.

ಗೇಟಿನಲ್ಲಿ ಕಾವಲಿನ ಅಸ್ಕಾರಿಗಳು ಕಾರಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತಾರೆ, ಚೀಲವನ್ನು ದಿನಾ ತಪಾಸಿಸುತ್ತಾರೆ. 2013ರಲ್ಲಿ ವೆಸ್ಟ್‌ಗೇಟ್ ಮಾಲ್ ಮೇಲೆ, 2019ರಲ್ಲಿ ಹೋಟೆಲ್ ಸಮುಚ್ಚಯವೊಂದರ ಮೇಲೆ ದಾಳಿ ಕಂಡ ಊರು ಅದು. ಬೇಸರಿಸಿಕೊಳ್ಳದೆ, ಅವರಿಗೊಂದು "ಹಬಾರಿ" ಹೇಳಿ ನಿಲ್ಲುತ್ತೇನೆ. ಏಳರ ಹೊತ್ತಿಗೆಲ್ಲ ಕತ್ತಲಾಗುತ್ತದೆ, ಆಮೇಲೆ ಒಬ್ಬನೇ ನಡೆದು ಹೋಗುವುದಿಲ್ಲ.

ಬಿಲ್ಲನ್ನು ಹೊರಡುವ ಹಿಂದಿನ ರಾತ್ರಿಯೇ ಕೇಳಿ ಪಡೆಯುತ್ತೇನೆ. ಹೇಳಿದ ದರದಲ್ಲಿ 16 ಶೇಕಡಾ ವ್ಯಾಟ್, 2 ಶೇಕಡಾ ಪ್ರವಾಸೋದ್ಯಮ ಸುಂಕ ಸೇರಿದೆಯೋ ಇಲ್ಲವೋ, ಡಾಲರಿನಲ್ಲಿ ಹೇಳಿದ್ದನ್ನು ಯಾವ ದರಕ್ಕೆ ಶಿಲ್ಲಿಂಗಿಗೆ ತಿರುಗಿಸಿದ್ದಾರೆ ಎಂಬುದನ್ನು ನಿಧಾನವಾಗಿ ನೋಡಲು ಆಗ ಸಮಯವಿರುತ್ತದೆ. ಒಮ್ಮೆ ನಾನು ಕುಡಿಯದ ನೀರಿನ ಬಾಟಲಿಗಳೂ ಲೆಕ್ಕದಲ್ಲಿದ್ದವು, ಹೇಳಿದ ಕೂಡಲೇ ತೆಗೆದರು. ಕಂಪನಿಯ ಹೆಸರು ಬಿಲ್ಲಿನಲ್ಲಿ ಸರಿಯಾಗಿ ಇಲ್ಲದಿದ್ದರೆ ನಮ್ಮ ಅಕೌಂಟ್ಸ್‌ನವರು ವಾಪಸ್ ಕಳಿಸುತ್ತಾರೆ, ಅದನ್ನೂ ಅಲ್ಲೇ ತಿದ್ದಿಸುತ್ತೇನೆ.

ಹಳದಿ ಜ್ವರದ ಲಸಿಕೆಯ ಕಾರ್ಡು ಪಾಸ್‌ಪೋರ್ಟಿನೊಳಗೇ ಇರಲಿ. ಕೀನ್ಯಾದಿಂದ ವಾಪಸ್ ಬಂದಿಳಿದಾಗ ನಮ್ಮವರೇ ಅದನ್ನು ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಬೆಲೆ. ಹೊರಡುವ ದಿನ ಟ್ಯಾಕ್ಸಿಗೆ ಅರ್ಧ ಗಂಟೆ ಮುಂಚೆಯೇ ಬರಲು ಹೇಳಿಡಿ. ನಾನು ಹೋದಾಗ ವಿಮಾನ ನಿಲ್ದಾಣದ ರಸ್ತೆಯ ತಪಾಸಣೆಯಲ್ಲಿ ಪ್ರಯಾಣಿಕರು ಇಳಿದು, ನಡೆದು ಹಾದು, ಆಚೆ ಬದಿಯಲ್ಲಿ ಮತ್ತೆ ಕಾರು ಹತ್ತಬೇಕಾಗಿತ್ತು.