ಹಳೆಯ ಸೆಡಾನ್ ಕಾರಿನ ಶಕ್ತಿಯನ್ನೂ ವಿಶ್ವಾಸಾರ್ಹತೆಯನ್ನೂ ಉಳಿಸಿಕೊಳ್ಳುವ ಕ್ರಮ

ಹತ್ತು ವರ್ಷ ದಾಟಿದ ಸೆಡಾನ್ ಕಾರು ಮೊದಲಿನಂತೆ ಎಳೆಯುತ್ತಿಲ್ಲ ಎನಿಸಿದಾಗ, ದುಬಾರಿ ರಿಪೇರಿಗೆ ಒಪ್ಪುವ ಮುನ್ನ ಏರ್ ಫಿಲ್ಟರ್, ಇಂಧನಕ್ಕೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಮತ್ತು ಅದಕ್ಕೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್‌ಗಳನ್ನು ಪರೀಕ್ಷಿಸಿ. ಆಮೇಲೂ ಶಕ್ತಿ ಮರಳದಿದ್ದರೆ ಸಿಲಿಂಡರ್‌ಗಳ ಕಂಪ್ರೆಷನ್ (ಪಿಸ್ಟನ್ ಮೇಲೇರುವಾಗ ಒಳಗೆ ಉಂಟಾಗುವ ಒತ್ತಡ) ಅಳೆಸಿ. ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಸಿಲಿಂಡರಿನೊಳಗೆ ಸೋರುತ್ತಿರಬಹುದು. ಅಂತಹ ಸ್ಥಿತಿಯಲ್ಲಿ ದಯವಿಟ್ಟು ಕಾರನ್ನು ಓಡಿಸಲೇಬೇಡಿ.

ಹಳೆಯ ಕಾರುಗಳು ದಾರಿಯಲ್ಲಿ ಕೈಕೊಡುವುದಕ್ಕೆ ಬಹಳ ಸಲ ರಬ್ಬರಿನ ಭಾಗಗಳೇ ಕಾರಣ ಎಂಬುದು ನನ್ನ ಅಭಿಪ್ರಾಯ. ಕಡಿಮೆ ಓಡಿದ ಕಾರಿನಲ್ಲಿಯೂ ರೇಡಿಯೇಟರ್ ಹೋಸ್, ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್, ಸಸ್ಪೆನ್ಷನ್ ಕೀಲುಗಳಲ್ಲಿನ ರಬ್ಬರ್ ಬುಷ್‌ಗಳು ಕಾಲಕ್ರಮೇಣ ಗಡುಸಾಗಿ ಬಿರಿಯುತ್ತವೆ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳ ಚಲನೆಯನ್ನು ಪಿಸ್ಟನ್‌ಗಳಿಗೆ ಹೊಂದಿಸುವ ಪಟ್ಟಿ) ಇರುವ ಎಂಜಿನ್‌ಗಳಿಗೆ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕಿಲೋಮೀಟರ್ ಮತ್ತು ವರ್ಷ ಎರಡರ ಮಿತಿಯೂ ಇರುತ್ತದೆ. ಯಾವುದು ಮೊದಲು ಮುಗಿಯುವುದೋ ಆಗಲೇ ಬೆಲ್ಟ್ ಬದಲಾಯಿಸಿ, ಏಕೆಂದರೆ ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಜೊತೆಗೇ ಹೊಸದು ಹಾಕಿಸುವುದು ಲೇಸು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಸುಮಾರು 2 ವರ್ಷಕ್ಕೊಮ್ಮೆ ಬದಲಾಯಿಸಿ. ಮಾಡಿಸಿದ ಕೆಲಸ, ಸೇರಿಸಿದ ಎಂಜಿನ್ ಆಯಿಲ್, ದಿನಾಂಕ ಮತ್ತು ಓಡಿದ ಕಿಲೋಮೀಟರ್‌ಗಳನ್ನು ಬರೆದಿಡಿ. ಎಂಜಿನ್ ಆಯಿಲ್ ಎಷ್ಟು ಬೇಗ ಇಳಿಯುತ್ತಿದೆ ಎಂಬುದು ಆ ಬರಹದಿಂದಲೇ ಸ್ಪಷ್ಟವಾಗುತ್ತದೆ.